ಒಣ ಮೆಂತ್ಯದ ವಾಸನೆ

೨೧ ನವೆಂಬರ್ ೧೯೯೬, ಗುರುವಾರ. ಡೊಂಬಿವಲಿ.

ಆಫೀಸಿನ ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದೆ. ಎದುರಿಗಿದ್ದ ಟೈಪಿಸ್ಟ್ ಶಾಲಿನಿ ಮೂಗು ಮುಚ್ಚಿಕೊಂಡಳು. "ಕಾಂಚನಾ, ರೋಜ್ ರೋಜ್ ಯೇ ಮೇಥಿ! ತೇರೇ ಪಸೀನೇ ಮೇ ಭೀ ವಹೀ ಬಾಸ್." ದಿನಾ ತಿನ್ನುವ ಈ ಮೆಂತ್ಯದ ವಾಸನೆ ನನ್ನ ಬೆವರಿನಲ್ಲೂ ಬರುತ್ತದಂತೆ. ಎಲ್ಲರೂ ನಕ್ಕರು. ಒಳಗಿನಿಂದ ಸಾಹೇಬರು, ನಾಳೆಯಿಂದ ಮೆಟ್ಟಿಲ ಮೇಲೆ ಕೂತು ತಿನ್ನು ಅಂದರು.

ಮೆಟ್ಟಿಲ ಮೇಲೆ! ನಾನೇನು ಕದ್ದು ತಿನ್ನುತ್ತಿದ್ದೇನೆಯೇ?

ಹೆರಿಗೆಯಲ್ಲಿ ನನ್ನ ಮೈಯಿಂದ ಎಷ್ಟು ರಕ್ತ ಹೋಯಿತೆಂದು ಅವರಿಗೇನು ಗೊತ್ತು? ಸ್ಟೇಷನ್ನಿನ ಸೇತುವೆ ಹತ್ತುವಾಗ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ನಿಂತವಳು ನಾನು. ಕಬ್ಬಿಣಾಂಶದ ಗುಳಿಗೆ ಬಿಡಬೇಡ, ಜೊತೆಗೆ ಸೊಪ್ಪೂ ತಿನ್ನು, ಮೇಲೆ ನಿಂಬೆಹಣ್ಣು ಹಿಂಡಿಕೋ ಎಂದಿದ್ದಾರೆ ಡಾಕ್ಟರು. ಬಿಜಾಪುರದಿಂದ ಅವ್ವ ಮೆಂತ್ಯ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಕಳಿಸಿದ್ದಾಳೆ. "ತಿನ್ನವಾ, ಹಾಲೂ ಇಳೀತದ, ಮೈಯಾಗ ಕಸುವೂ ಬರ್ತದ" ಅನ್ನುತ್ತಾಳೆ. ಹಾಲಿನ ಮಾತು ಖರೆಯೋ ಸುಳ್ಳೋ, ಸೇತುವೆಯನ್ನಂತೂ ಈಗ ನಿಲ್ಲದೆ ಹತ್ತುತ್ತೇನೆ.

"ನಹೀ ಸಾಬ್, ಯಹೀಂ ಬೈಠ್ಕೇ ಖಾವೂಂಗೀ", ಇಲ್ಲೇ ಕೂತು ತಿನ್ನುತ್ತೇನೆ ಅಂದುಬಿಟ್ಟೆ. ಜಾಗ ಬಿಟ್ಟು ಏಳಲಿಲ್ಲ. ಇಬ್ಬರು ಕುರ್ಚಿ ದೂರ ಎಳೆದುಕೊಂಡರು. ಎಳೆದುಕೊಳ್ಳಲಿ. ರೊಟ್ಟಿ, ಪಲ್ಯ ಪೂರ್ತಿ ಮುಗಿಸಿ ಡಬ್ಬಿಯ ತಳವನ್ನೂ ಬೆರಳಲ್ಲಿ ಬಳಿದು ತಿಂದೆ.

ನಾಳೆ ಇನ್ನೊಂದು ಹಿಡಿ ಜಾಸ್ತಿಯೇ ಹಾಕುತ್ತೇನೆ.

ಮಗಳು ಎದ್ದಳು. ಅವಳಿಗೆ ಹಾಲು ಕೊಡುತ್ತ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇವಳ ನೆತ್ತಿಯಿಂದಲೂ ಮೆಂತ್ಯದ ವಾಸನೆ ಬರುತ್ತದೆ. ಬರಲಿ. ಯಾರಾದರೂ ಇವಳನ್ನು ಮೆಟ್ಟಿಲಿಗೆ ಕಳಿಸಿ ನೋಡಲಿ, ಆಗ ನಾನು ಯಾರೆಂದು ತೋರಿಸುತ್ತೇನೆ.