ನಿನ್ನ ಪಥ್ಯ ನಾನು ಉಂಡೆ

ಅತನೂರ, ತಾ. ಅಫಜಲಪುರ
೮ ಜನವರಿ ೨೦೨೫

ಪ್ರೀತಿಯ ನಿಂಬೆವ್ವಾ,

ಎದೆನೋವು ಮತ್ತೆ ಕಾಣಿಸಿಕೊಂಡಿತೇ? ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುವುದು ಕಡಿಮೆಯಾಗಿದೆಯೇ? ಅನುರಾಧಾ ಕೊಡುವ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗು. ಮಗಳ ಮನೆ ಎಂದು ಸಂಕೋಚಪಟ್ಟುಕೊಂಡು ಪಾತ್ರೆ ತಿಕ್ಕಲು ಕೂಡಬೇಡ. ಇಲ್ಲಿ ಎಮ್ಮೆ ಆರಾಮಾಗಿದೆ, ಹೊಲದಲ್ಲಿ ತೊಗರಿ ಒಣಗಿ ನಿಂತಿದೆ, ನಾನೂ ಆರಾಮಾಗಿದ್ದೇನೆ. ನಾನು ಇಷ್ಟು ಆರಾಮಾಗಿರುವುದಕ್ಕೇ ಈಗ ನನಗೆ ಸಿಟ್ಟು ಬಂದಿದೆ.

ದಿನಾ ಫೋನ್ ಮಾಡುವವರು ಪತ್ರ ಏಕೆ ಬರೆದರು ಎಂದು ನೀನು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಬೈಯಲು ಬಾಯಿ ತೆರೆಯುವುದರೊಳಗೆ ನೀನು "ಊಟ ಆತೇನ್ರಿ?" ಎಂದು ಕೇಳುತ್ತೀಯ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದ ಹಾಗೆ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಮಂದಿಯ ಪತ್ರಗಳಿಗೆ ಮುದ್ರೆ ಒತ್ತಿದ್ದೇನೆ, ನಿನಗೆ ಬರೆಯುತ್ತಿರುವುದು ಇದೇ ಮೊದಲು. ಅದೂ ಬೈಗುಳದ ಪತ್ರ. ನಾಲ್ಕನೇ ಇಯತ್ತೆ ಓದಿದವಳು ನೀನು, ಅನುರಾಧಾಳ ಕೈಗೆ ಕೊಡದೆ ನೀನೇ ಅಕ್ಷರ ಕೂಡಿಸಿಕೊಂಡು ಓದು. ಒಂದು ದಿನ ಹಿಡಿದರೂ ಚಿಂತೆಯಿಲ್ಲ.

ಹೋದ ಜೂನಿನಲ್ಲಿ ನಿನಗೆ ಮೊದಲ ಸಲ ಎದೆ ಹಿಡಿದುಕೊಂಡಾಗ ಕಲಬುರಗಿಯಲ್ಲಿ ಡಾಕ್ಟರಮ್ಮ ಫರಹೀನ ಒಂದು ಹಾಳೆ ಕೊಟ್ಟರಲ್ಲ, ನೆನಪಿದೆಯೇ? ಮೆಡಿಟರೇನಿಯನ್ ಊಟ ಎಂದು ಮೇಲೆ ಬರೆದಿತ್ತು. ಆ ಹೆಸರು ಕೇಳಿ ನೀನು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಿದ್ದೆ. ಆ ತಾಯಿ ಜೇವರ್ಗಿ ಕಡೆಯವರು, ನಮ್ಮ ಊಟ ಬಲ್ಲವರು. "ದೂರದ ಸಮುದ್ರದ ದಂಡಿ ಮಂದಿ ಉಣ್ಣೋ ಊಟರಿ ಇದು, ಹೆದರಬ್ಯಾಡ್ರಿ. ಅವರದು ಆಲಿವ್ ಎಣ್ಣಿ, ನಿಮ್ಮದು ಗಾಣದ ಕುಸುಬಿ ಎಣ್ಣಿ, ಅದೂ ಹಿಡಿತದಾಗ. ಕಾಳು, ಪಲ್ಯ, ಹಣ್ಣು, ಜೋಳದ ರೊಟ್ಟಿ, ಹೊಳಿ ಮೀನ, ಒಂದ್ ಮುಷ್ಟಿ ಅಕ್ರೋಡ. ಉಪ್ಪು, ಸಕ್ಕರಿ, ಕರಿದದ್ದು ಕಡಿಮಿ ಮಾಡ್ರಿ" ಎಂದರು. ಹೀಗೆ ಉಣ್ಣುವವರಿಗೆ ಹೃದಯದ ಕಾಯಿಲೆ ಕಡಿಮೆ, ರಕ್ತದ ಕೊಬ್ಬು ಇಳಿಯುತ್ತದೆ, ಸಕ್ಕರೆ ಹಿಡಿತಕ್ಕೆ ಬರುತ್ತದೆ ಎಂದೂ ಹೇಳಿದರು. ಮನೆಮಂದಿ ಎಲ್ಲ ಕೂಡಿ ಕುಳಿತು ಅವಸರವಿಲ್ಲದೆ ಉಣ್ಣಬೇಕು ಎನ್ನುವುದೂ ಆ ಹಾಳೆಯ ಕೊನೆಯಲ್ಲಿ ಇತ್ತು. ಅದನ್ನು ನಾನು ಓದಿ ಬಿಟ್ಟುಬಿಟ್ಟೆ. ಅದು ಔಷಧದ ಮಾತು ಎಂದು ನನಗೆ ಅನಿಸಲಿಲ್ಲ.

ತರುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ವಾರಕ್ಕೆರಡು ಸಲ ಘತ್ತರಗಿಗೆ ಹೋಗಿ ಹೊಳೆಯ ದಂಡೆಯಲ್ಲಿ ರಸೂಲ ಬಲೆ ಎಳೆಯುವ ತನಕ ಕಾದು ಮೀನು ತಂದೆ. ಆಳಂದದ ಗಾಣದಿಂದ ಎಣ್ಣೆ ತರಿಸಿದೆ. ಅಕ್ರೋಡ, ಪೇರಲ, ಗಜ್ಜರಿ, ಎಲ್ಲ ತಂದು ನಿನ್ನ ಮುಂದೆ ಸುರಿದೆ. ನೀನೂ ಏನು ಚಂದ ಮಾಡಿದೆ. ಪುಂಡಿಪಲ್ಯ, ಮಡಕಿಕಾಳಿನ ಉಸಳಿ, ಎಣ್ಣೆ ತೇಲದ ಮೀನಿನ ಸಾರು. ನಾನು ಗೋಡೆಗೆ ಒರಗಿ ಕೂಡುತ್ತಿದ್ದೆ, ನೀನು ಬಡಿಸುತ್ತಿದ್ದೆ. "ನೀನೂ ಉಣ್ಣು" ಎಂದರೆ "ನೀವು ಉಣ್ರಿ, ನಾ ಆಮ್ಯಾಲ ಉಣ್ತೇನಿ" ಎನ್ನುತ್ತಿದ್ದೆ. ಆಮೇಲೆ ಕೇಳಿದರೆ "ಉಂಡೆರಿ, ಹೊಟ್ಟಿ ತುಂಬ್ಯಾದ" ಎನ್ನುತ್ತಿದ್ದೆ. ಆರು ತಿಂಗಳು ದಿನಕ್ಕೆರಡು ಸಲ ನನಗೆ ಸುಳ್ಳು ಹೇಳಿದ್ದೀಯ. ದೇವರ ಮುಂದೆ ಸಣ್ಣ ಮಾತಿಗೂ ಹೆದರುವ ಹೆಂಗಸು ನೀನು, ಈ ಸುಳ್ಳಿಗೆ ನಿನ್ನ ನಾಲಿಗೆ ಒಂದು ಸಲವೂ ತಡವರಿಸಲಿಲ್ಲವಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಭೂತಾಯಿಗೆ ಚರಗ ಚೆಲ್ಲಿ ಬಂದ ಇಪ್ಪತ್ತು ಮಂದಿಗೆ ನೀನು ಕಾಳು-ಪಲ್ಯದ ಭಜ್ಜಿ, ರೊಟ್ಟಿ, ಕಡುಬು ಬಡಿಸಿದೆ. ಸೂರ್ಯ ನೆತ್ತಿ ದಾಟಿದರೂ ನಿನ್ನ ಹೊಟ್ಟೆಗೆ ಒಂದು ತುತ್ತು ಹೋಗಿರಲಿಲ್ಲ. ನೀನು ಬಿದ್ದಾಗ ನಾನು ಎರಡನೇ ಸಲ ಭಜ್ಜಿ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಅಲ್ಲಿಂದ ಕಲಬುರಗಿಗೆ ಹೋಗುವ ತನಕ ಗಾಡಿಯಲ್ಲಿ ನಿನ್ನ ಕೈ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಿನ್ನ ರಿಪೋರ್ಟ್ ನೋಡಿ, ಹೇಳಿದ ಊಟ ಮಾಡುತ್ತಿದ್ದರೇ ಎಂದು ಕೇಳಿದರು. ನಾನು ಎದೆ ಸೆಟೆಸಿ, ಎಲ್ಲಾ ನಾನೇ ತಂದು ಕೊಟ್ಟಿದ್ದೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ನನ್ನ ಹೊಟ್ಟೆ ಇಳಿದಿತ್ತು, ಬೆಲ್ಟಿಗೆ ಎರಡು ತೂತು ಹೊಸದಾಗಿ ಹೊಡೆಸಿದ್ದೆ, ಮೊಣಕಾಲು ನೋವೂ ಹೋಗಿತ್ತು. ನನ್ನ ರಕ್ತವನ್ನೂ ತೆಗೆಸಿದರು. ಕೊಬ್ಬು ಇಳಿದಿದೆ, ಸಕ್ಕರೆ ಇಳಿದಿದೆ, ಬಿಪಿ ಗುಳಿಗೆ ಇನ್ನು ಅರ್ಧ ಸಾಕು ಎಂದರು. ನಿನ್ನದು ಎಲ್ಲವೂ ಏರಿತ್ತು. ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಆ ತಾಯಿ ಒಂದೇ ಮಾತು ಕೇಳಿದರು. "ಅವರು ಉಂಡದ್ದು ನೀವು ನೋಡೀರೇನ್ರಿ?" ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ನಿಂಬೆವ್ವಾ. ನೀನು ಉಣ್ಣುವುದನ್ನು ನಾನು ನೋಡಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಗಿ ಎರಡೂ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡೆ.

ನಿನ್ನನ್ನು ಅನುರಾಧಾಳ ಮನೆಯಲ್ಲಿ ಬಿಟ್ಟು, ತೊಗರಿಗೆಂದು ಊರಿಗೆ ಬಂದ ದಿನವೇ ಪಕ್ಕದ ಮನೆಯ ಭಾಗಮ್ಮನನ್ನು ಕರೆದು ಕೇಳಿದೆ. ಮೊದಲು ಎಮ್ಮೆಯ ಮಾತೆತ್ತಿ ಜಾರಿಕೊಂಡಳು. ಆಮೇಲೆ, "ಅಣ್ಣಾ, ಆಕಿ ಮೀನ ಉಂಡಿದ್ದು ನಾ ಒಂದಿನಾನೂ ನೋಡಿಲ್ಲ. ಮುಂಜಾನಿ ನಿಮಗ, ಉಳದಿದ್ದು ಸಂಜಿಗೆ ಮತ್ತ ನಿಮಗೇ. ಆಕಿಗಿ ತಂಗಳ ರೊಟ್ಟಿ, ರಂಜಕ, ಮ್ಯಾಲ ಒಂದ್ ಕಪ್ ಛಾ" ಎಂದಳು. ಅಕ್ರೋಡ ಹಾಲಿಗೆ ಅರೆದು ಹಾಕಿ ನನಗೇ ಕುಡಿಸುತ್ತಿದ್ದೆಯಂತೆ. ನನ್ನ ಆರೋಗ್ಯಕ್ಕೆಂದು ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು ಮಂಗಳವಾರ, ಶುಕ್ರವಾರ ಆ ತಂಗಳ ರೊಟ್ಟಿಯನ್ನೂ ಬಿಡುತ್ತಿದ್ದೆಯಂತೆ. ಎದೆ ನೋಯುವವಳು ಹೊಟ್ಟೆ ಕಟ್ಟಿಕೊಂಡಿರಲಿ ಎಂದು ಯಾವ ದೇವಿ ಕೇಳುತ್ತಾಳೆ? ಆಕೆಯೂ ತಾಯಿಯೇ ಅಲ್ಲವೇ? ಈ ನಾಲ್ಕು ದಿನ ನೀನು ಉಂಡದ್ದನ್ನೇ ನಾನೂ ಉಂಡು ನೋಡಿದೆ. ಆ ಮೆಣಸಿನಕಾಯಿ ರಂಜಕದ ಉಪ್ಪಿಗೆ, ಖಾರಕ್ಕೆ ನಾಲಿಗೆ ಸುಟ್ಟಿತು. ಮೂರನೇ ದಿನಕ್ಕೆ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲಿದೆ. ಗಂಡಸರು ಉಂಡ ಮೇಲೆ ಉಳಿದರೆ ಉಣ್ಣಬೇಕೆಂದು ನಿನಗೆ ಕಲಿಸಿದ ನಮ್ಮ ಅವ್ವನ ಮೇಲಿದೆ. ಅವಳೂ ಪಾಪ ಐವತ್ತು ತುಂಬದೆ ಹೋದಳು, ಏನು ಕಾಯಿಲೆ ಎಂದು ಯಾರೂ ಕೇಳಲಿಲ್ಲ. ನಿನ್ನ ಊಟದ ಗಂಗಾಳ ಯಾವುದು ಎಂದು ನಿನ್ನೆ ಹುಡುಕಿದೆ. ನನ್ನದಕ್ಕೆ ಹೆಸರು ಕೊರೆಸಿದ್ದಾರೆ, ಅನುರಾಧಾಳದೂ ಇದೆ. ನಿನಗೆಂದು ಒಂದು ಗಂಗಾಳವೇ ಈ ಮನೆಯಲ್ಲಿಲ್ಲ. ನೀನು ರೊಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಉಣ್ಣುತ್ತಿದ್ದೆ ಎಂದು ಭಾಗಮ್ಮ ಹೇಳಿದಾಗ ನನಗೆ ಅಳು ಬಂತು. ಬರೆಯಲು ನಾಚಿಕೆಯಿಲ್ಲ, ಅತ್ತುಬಿಟ್ಟೆ.

ಅನುರಾಧಾಳಿಗೂ ಅಳಿಯ ಅಜಯಕುಮಾರನಿಗೂ ಆಶೀರ್ವಾದ ತಿಳಿಸು. ನಿನ್ನ ಎದುರಿಗೆ ಕುಳಿತು ನಿನಗೆ ಉಣ್ಣಿಸಿಯೇ ಏಳಬೇಕೆಂದು ಇಬ್ಬರಿಗೂ ಹೇಳಿದ್ದೇನೆ. ಭಾಗ್ಯವಂತಿ ನಿನಗೆ ನೂರು ವರ್ಷ ಕೊಡಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನ,
ಚಂದಪ್ಪ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ, ಇದನ್ನು ಕೊಟ್ಟು ಕಳಿಸಬೇಕಾದ ಕಲಬುರಗಿ ಬಸ್ಸಿನ ಹೊತ್ತಾಗಿದೆ. ಡಾಕ್ಟರಮ್ಮ ಈಗ ಫೋನ್ ಮಾಡಿದ್ದರು. ಇನ್ನು ಊಟದಿಂದಷ್ಟೇ ಆಗುವುದಿಲ್ಲವಂತೆ, ಹದಿನಾರಕ್ಕೆ ಎದೆಯ ಆಪರೇಷನ್ ಆಗಲೇಬೇಕಂತೆ. "ತೊಗರಿ ರಾಶಿ ಆಗ್ಲಿರಿ, ಮನಿಯಾಗ ಅವರಿಗಿ ರೊಟ್ಟಿ ಮಾಡೋರು ಯಾರೂ ಇಲ್ಲ" ಎಂದು ನೀನು ಒಲ್ಲೆ ಎಂದೆಯಂತೆ. ರಾಶಿಯನ್ನು ತಮ್ಮ ಸಿದ್ದರಾಮೇಶನಿಗೆ ಒಪ್ಪಿಸಿದ್ದೇನೆ, ನಾಡಿದ್ದು ಕಲಬುರಗಿಗೆ ಬರುತ್ತೇನೆ. ಅಷ್ಟರಲ್ಲಿ ಹೂಂ ಎಂದುಬಿಡು. ಅವತ್ತು ಆಸ್ಪತ್ರೆಯಲ್ಲಿ ನನ್ನ ರಿಪೋರ್ಟ್ ನೋಡಿ ಆ ತಾಯಿ, "ಇನ್ನ ಇಪ್ಪತ್ತ್ ವರ್ಷ ನಿಮಗ ಏನೂ ಆಗಂಗಿಲ್ರಿ" ಎಂದರು. ಅಷ್ಟು ವರ್ಷ ನಾನೊಬ್ಬನೇ ಕುಳಿತು ಉಣ್ಣಲಾರೆ.