ಕೈ ಹಿಡಿದ ಚೂರು

ಶುಕ್ರವಾರ
ಬೋನು ತೊಳೆಯುವ ಕೋಣೆ

ಮೇಡಂ ಅವರಿಗೆ,

ಇಲ್ಲಿ ಅಕ್ಕ ಅನ್ನಬಾರದೆಂದು ಕೆಲಸ ಕೊಡಿಸಿದ ದಿನವೇ ಹೇಳಿದ್ದೀರಿ. ಅದಕ್ಕೇ ಹೀಗೆ ಶುರು ಮಾಡಿದೆ. ಕ್ಷೇಮ ಕೇಳುವುದಿಲ್ಲ. ನಿನ್ನೆ ಚೆನ್ನಾಗಿಯೇ ಇದ್ದಿರಿ.

ನಿನ್ನೆ ಶಾಲೆಯ ಮಕ್ಕಳು ಪ್ರಯೋಗಾಲಯ ನೋಡಲು ಬಂದಾಗ ನಿಮ್ಮ ಸಹಾಯಕಿ ರಜೆಯಲ್ಲಿದ್ದಳು. ಇಲಿಗಳ ಬೋನು ತೊಳೆಯುತ್ತಿದ್ದ ನನ್ನನ್ನು ಕರೆದು ಒದ್ದೆ ಏಪ್ರನ್ನಿನಲ್ಲೇ ಮುಂದೆ ನಿಲ್ಲಿಸಿದಿರಿ. ಆ ಕೋಣೆಯೇ ಎದೆಯೊಳಗಿನ ಥೈಮಸ್ ಗ್ರಂಥಿ, ಮಕ್ಕಳೆಲ್ಲ ರೋಗದ ಮೇಲೆ ಬೀಳಲು ತಯಾರಾಗುವ ಎಳೆಯ ಟಿ ಕೋಶಗಳು, ನಾನು ದೇಹದ ಸ್ವಂತ ಪ್ರೋಟೀನಿನ ಒಂದು ಚೂರು, ಪೆಪ್ಟೈಡ್, ಅಂದಿರಿ. ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿಯಬೇಕು. ಚೂರನ್ನು ಗುರುತೇ ಹಿಡಿಯದ ಕೋಶ ಕೆಲಸಕ್ಕೆ ಬಾರದೆ ಸಾಯುತ್ತದೆ. ಬಿಗಿಯಾಗಿ ಹಿಡಿದುಕೊಂಡದ್ದನ್ನು ಹೊರಗೆ ಬಿಟ್ಟರೆ ಸ್ವಂತ ಮೈಯ ಮೇಲೆಯೇ ಬಿದ್ದೀತು, ಹೆಚ್ಚಾಗಿ ಅದನ್ನೂ ಅಲ್ಲೇ ಮುಗಿಸಬೇಕು. ಮೆಲ್ಲಗೆ ಹಿಡಿದು ಬಿಟ್ಟದ್ದು ಪಾಸು.

ಮಕ್ಕಳಿಗೆ ಮಜವಾಗಿತ್ತು. ಒಬ್ಬಳು ನನ್ನ ಕೈಗೆ ಜೋತುಬಿದ್ದು, "ಮೇಡಂ, ನಾನು ಸತ್ತೆ" ಎಂದು ನೆಲದ ಮೇಲೆ ಉರುಳಿದಳು. ಆಮೇಲೆ ಸರಿಯಾದ ಹಿಡಿತ ತೋರಿಸಲು ನೀವೇ ಬಂದಿರಿ. ಎರಡೇ ಬೆರಳು, ಅದೂ ಗ್ಲೌಸ್ ಹಾಕಿಕೊಂಡು. ಉರುಳಿದವಳು ಎದ್ದು ಕೇಳಿದಳು, "ಮೇಡಂ, ಇವ್ರು ಥೇಟ್ ನಿಮ್ಮ ಥರಾನೇ ಇದ್ದಾರಲ್ಲ, ತಂಗೀನಾ?"

"ಅಯ್ಯೋ, ಬೋನು ತೊಳೆಯೋಳಮ್ಮ" ಅಂದು ನಕ್ಕಿರಿ.

ನಾನು ನಿಮ್ಮ ಬೆರಳು ಹಿಡಿದುಬಿಟ್ಟೆ. "ಚೂರು ಹಿಡ್ಕೊಳ್ಳೋ ಹಾಗಿಲ್ಲ, ಕೋಶಾನೇ ಹಿಡ್ಕೋಬೇಕು. ಬಿಡೇ" ಎಂದು ಹಲ್ಲು ಕಚ್ಚಿಕೊಂಡು ಹೇಳಿದಿರಿ. ಕೋಣೆಯೆಲ್ಲ ನಕ್ಕಿತು. ಪಾಠ ಕೆಡಿಸಿದೆನೆಂದು ಸಂಜೆ ಬೈದಿರಿ. ಆಗ ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನೀವು ಪಾಸಾದ ಕೋಶ. ಕಾರಿಡಾರಿನಲ್ಲಿ ಎದುರಾದರೆ ಕಣ್ಣು ನನ್ನನ್ನು ಗುರುತಿಸುತ್ತದೆ, ಕಾಲು ನಿಲ್ಲುವುದಿಲ್ಲ. ಮೈಯೊಳಗೆ ಅದು ಒಳ್ಳೆಯದೇ ಇರಬಹುದು. ಮನೆಯೊಳಗೆ ಅದಕ್ಕೆ ಬೇರೆ ಮಾತಿದೆ, ಬರೆಯಲು ನಾಚಿಕೆ.

ನಾಳೆ ಅಮ್ಮ ನಾವು ಕೆಲಸ ಮಾಡುವ ಜಾಗ ನೋಡಲು ಬರುತ್ತಾಳೆ. ಅವಳ ಮುಂದೆಯೂ ನಾನು ಬೋನು ತೊಳೆಯೋಳೇ ಆಗುವುದಾದರೆ, ಈ ಕೋಣೆಯ ಬೀಗದ ಕೈ ಕಾಗದದ ಜೊತೆಗೇ ಇದೆ. ಬೇರೆಯವಳನ್ನು ಹುಡುಕಿಕೊಳ್ಳಿ.

ಇಂತಿ,
ಬೋನು ತೊಳೆಯೋಳು

ತಾ.ಕ.: ಅಕ್ಕ ಎಲ್ಲರ ಮುಂದೆ ಹೆಗಲ ಮೇಲೆ ಕೈ ಹಾಕಿ, ಇವಳು ನನ್ನ ತಂಗಿ ಅನ್ನುತ್ತಾಳೆಂದು ಅಮ್ಮನಿಗೆ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇನೆ. ಅವಳು ನಂಬಿ ಬೀದಿಗೆಲ್ಲ ಹೇಳಿದ್ದಾಳೆ. ನಾಳೆ ಗೇಟಿನ ಹತ್ತಿರ ಅವಳ ಪಕ್ಕ ನಿಂತಿರುತ್ತೇನೆ. ಈ ಸಲ ಕೈ ಚಾಚುವುದಿಲ್ಲ. ಚೂರು ಹಿಡಿಯುವ ಹಾಗಿಲ್ಲವಲ್ಲ. ನೀನೇ ಹಿಡಿಯಬೇಕು, ಅಕ್ಕ.