ಬರಿಗಿವಿಯವರ ಕಲ್ಲುಕುಳಿ

ಶಹಾಬಾದ, ಫೆಬ್ರವರಿ ೩೦, ೨೧೭೧

ನಮಗಿಂತ ಮುಂಚೆ ಕೂಡಿ ಹಾಡು ಕೇಳಿದವರೇ,

ಇಂಪು ನಿಗಮದವರು ಕೊಡುತ್ತೇವೆ ಅಂದದ್ದು: ಪ್ರತಿ ಕಿವಿಗೂ ಅದರದೇ ಹಾಡು. ಎಂದೂ ಅಪಸ್ವರ ಬಾರದ ಸಂಗೀತ. ಊರಿಗೊಂದು ಹಾಡುಬಯಲು. ಸ್ವಂತ ಹಾಡು ಕಟ್ಟುವ ತಂಡಗಳಿಗೂ ಗಳಿಕೆಯಲ್ಲಿ ಸಮಪಾಲು.

ಕೊಡದೆ ಹೋದದ್ದು: ಇಬ್ಬರು ಕೂಡಿ ಒಂದೇ ಹಾಡನ್ನು ಒಂದೇ ಗಳಿಗೆಯಲ್ಲಿ ಕೇಳುವ ಹಕ್ಕು. ಹಾಡುವವಳ ಉಸಿರಿನ ಸದ್ದು. ಹಾಡುಬಯಲು. ಸಮಪಾಲಿನ ಮಾತಂತೂ ಎತ್ತಲೇಬೇಡಿ. ಮನವಿ ಕೊಟ್ಟೆವು, ಮುಟ್ಟಿತೆಂಬ ಸ್ವೀಕೃತಿ ಚೀಟಿ ಕೊಟ್ಟರು. ಮತ್ತೆ ಮನವಿ ಕೊಟ್ಟೆವು, ಮತ್ತೆ ಸ್ವೀಕೃತಿ ಕೊಟ್ಟರು. ಆ ಸ್ವೀಕೃತಿಗಳನ್ನು ಹಾಸಿಕೊಂಡು ಮಲಗಬಹುದು, ಹೊದೆಯಲಿಕ್ಕೂ ಉಳಿಯುತ್ತವೆ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು, ನಮ್ಮ ಹಾಡುಗಳನ್ನೆಲ್ಲ ಆಳುವ ಇಂಪು ನಿಗಮ ತನ್ನ ಉತ್ಸವಕ್ಕೆಂದು ಇಟ್ಟುಕೊಂಡಿದೆ. ನನ್ನ ಕೆಲವು ಪದಗಳು ನಿಮ್ಮ ಬಾಯಿಗೆ ಕಲ್ಲಿನಂತೆ ಸಿಕ್ಕಾವು, ಕ್ಷಮಿಸಿ. ನಾವು ಹುಟ್ಟಿಸಿಕೊಂಡ ಪದಗಳಲ್ಲ ಅವು, ನಮ್ಮ ಮೇಲೆ ಹೇರಿದವು. ಒಂದೆರಡನ್ನು ನಾವೂ ತಿರುಗಿಸಿ ಎಸೆದಿದ್ದೇವೆ.

ಕಿವಿಮಣಿ ಅಂದರೆ, ಕೂಸಿಗೆ ಕಿವಿ ಚುಚ್ಚುವ ದಿನವೇ ಒಳಗೆ ಕೂರಿಸುವ ಜೋಳದ ಕಾಳಿನಷ್ಟು ಸಣ್ಣ ಯಂತ್ರ. ಹೊರಗಿನ ಹಾಡು ಅದರ ಮೂಲಕವೇ ನಮಗೆ ತಲುಪಬೇಕು. ನಡುವೆ ಅದು ಹಾಡನ್ನು ತಿದ್ದುತ್ತದೆ. ನಿಮಗೆ ಕೊಳಲು ಇಷ್ಟವೆಂದರೆ ಗಿಟಾರನ್ನು ಕೊಳಲು ಮಾಡುತ್ತದೆ, ಸಿಟ್ಟಿನ ಹಾಡು ಬೇಡವೆಂದರೆ ಜೋಗುಳ ಮಾಡುತ್ತದೆ. ನಿಗಮದ ಉತ್ಸವಕ್ಕೆ ನಾನೂ ಹೋಗಿದ್ದೇನೆ. ಬಯಲು ತುಂಬ ಜನ, ಒಬ್ಬ ಎಡಕ್ಕೆ ಕುಣಿದರೆ ಪಕ್ಕದವ ನಿಂತಲ್ಲೇ ಅಳುತ್ತಿರುತ್ತಾನೆ. ನಮ್ಮ ಓಣಿಯ ಗಂಡ ಹೆಂಡತಿ ಅಲ್ಲಿಂದ ಬಂದ ಮೇಲೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಹಾಡಿದ್ದು ಗಂಡಸು ಅಂತ ಅವನು, ಹೆಂಗಸು ಅಂತ ಅವಳು. ಇಬ್ಬರದೂ ಸುಳ್ಳಲ್ಲ. ಇಂಥದ್ದಕ್ಕೆ ಹಬ್ಬ ಅನ್ನುತ್ತಾರೆ. ನಾನು ಇದಕ್ಕೆ ಒಂಟಿಕೋಣೆ ಶಿಕ್ಷೆ ಅನ್ನುತ್ತೇನೆ, ಗೋಡೆ ಮಾತ್ರ ಕಾಣುವುದಿಲ್ಲ.

ಮಣಿ ತೆಗೆದು ಕೇಳುವವರು ಬರಿಗಿವಿಯವರು. ಇದು ಅವರು ಇಟ್ಟ ಬೈಗುಳ. ನಾವು ಅದನ್ನೇ ಸಂಘದ ಹೆಸರು ಮಾಡಿಕೊಂಡೆವು. ಬರಿಗಿವಿಯಲ್ಲಿ ಗುಂಪು ಕೂಡಿ ಕೇಳುವುದಕ್ಕೆ ಕಾನೂನು ಏಕಶ್ರವಣ ಎನ್ನುತ್ತದೆ, ಅಕ್ರಮ ಕೂಟವೆಂದು ಬರೆದುಕೊಳ್ಳುತ್ತದೆ. ಆದ್ದರಿಂದ ನಮ್ಮ ಕಛೇರಿಗಳು ಒಣಗಿದ ನೀರಿನ ಟ್ಯಾಂಕಿನಲ್ಲಿ, ಮುಚ್ಚಿದ ಸಿಮೆಂಟು ಕಾರ್ಖಾನೆಯ ಚೀಲದ ಕೋಣೆಯಲ್ಲಿ, ಒಮ್ಮೆ ಒಂದು ಸುಳ್ಳು ಮದುವೆಯ ಶಾಮಿಯಾನದಲ್ಲಿ ನಡೆದವು. ಆ ಮದುವೆಗೆ ನಿಜವಾದ ಮುಯ್ಯಿ ಹಿಡಿದು ಬಂದವರೂ ಇದ್ದರು, ಊಟ ಇಲ್ಲವೆಂದು ಬೈದು ಹೋದರು. ಗಾಡಿಗಳು ನಿಗಮಕ್ಕೆ ವರದಿ ಮಾಡುತ್ತವೆ, ಹಾಗಾಗಿ ವಾದ್ಯಗಳನ್ನು ಕೇಳುಗರೇ ಹೊರಬೇಕು. ಇದಕ್ಕೆ ಹೊರೆಚೀಟಿ ಅನ್ನುತ್ತೇವೆ. ಟಿಕೇಟು ಇಲ್ಲ, ನೀವು ಹೊತ್ತು ತಂದ ತುಂಡೇ ನಿಮ್ಮ ಪ್ರವೇಶ. ಒಬ್ಬನ ಬಗಲಲ್ಲಿ ತಾಳದ ತಟ್ಟೆ, ಇನ್ನೊಬ್ಬಳ ಬುಟ್ಟಿಯಲ್ಲಿ ಮೆಂತ್ಯಸೊಪ್ಪಿನ ಕೆಳಗೆ ಸ್ಪೀಕರಿನ ಹೊಟ್ಟೆ. ಯಾರ ಹತ್ತಿರ ಏನಿದೆ ಎಂದು ಯಾರೂ ಯಾರಿಗೂ ಹೇಳಬಾರದು. ಬೇರೆ ಬೇರೆ ದಾರಿಯಿಂದ ಬರಬೇಕು. ಸಮವಸ್ತ್ರ ಕಂಡರೆ ನಿಲ್ಲದೆ, ತಿರುಗಿ ನೋಡದೆ ಮುಂದೆ ನಡೆಯಬೇಕು. ಯಾರಾದರೂ ಬಾರದಿದ್ದರೆ ಅವರ ತುಂಡಿಲ್ಲದೆಯೇ ತಂಡ ನುಡಿಸುತ್ತದೆ. ಡ್ರಮ್ಮೇ ಇಲ್ಲದ ಕಛೇರಿ ಕೇಳಿದ್ದೇನೆ, ಎಲ್ಲರೂ ತೊಡೆ ತಟ್ಟಿ ಮರುದಿನ ಕೆಲಸಕ್ಕೆ ಕುಂಟುತ್ತ ಹೋದೆವು.

ನನ್ನ ಮೊದಲ ಕಛೇರಿ ಆ ನೀರಿನ ಟ್ಯಾಂಕಿನದು. ತಂಡದ ಹೆಸರು ಒರಟು ಫರ್ಸಿ. ಫರ್ಸಿ ಅಂದರೆ ನಮ್ಮ ನೆಲದ ಹಾಸುಗಲ್ಲು. ಹಾಡಿದವಳು ಖೈರುನ್ನಿಸಾ, ಹಗಲಿಗೆ ಕಲ್ಲು ಪಾಲಿಶ್ ಮಾಡುವವಳು, ಧೂಳು ಕುಡಿದ ಗಂಟಲು. ಎರಡನೇ ಚರಣದಲ್ಲಿ ಅವಳ ಸ್ವರ ಜಾರಿತು. ನಾನು ಮುಖ ಕಿವುಚಿದೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸೂ ಅದೇ ಗಳಿಗೆಗೆ ಮುಖ ಕಿವುಚಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಮ್ಮಿಬ್ಬರಿಗೂ ಕೇಳಿಸಿದ್ದು ಒಂದೇ. ಹುಟ್ಟಿದಾಗಿನಿಂದ ನನಗೆ ಅಂಥ ಸುಖ ಗೊತ್ತಿರಲಿಲ್ಲ. ಅಪಸ್ವರವೊಂದು ನನ್ನನ್ನು ಚಳವಳಿಗೆ ಸೇರಿಸಿತು ಅಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ.

ಈಗ ಕುಳಿಯ ವಿಷಯ. ಊರಾಚೆ ಹಳೆಯ ಫರ್ಸಿ ಗಣಿಯಿದೆ. ಪದರು ಪದರಾಗಿ ಕಲ್ಲು ತೆಗೆದು ತೆಗೆದು, ಅದು ತಾನಾಗಿಯೇ ಮೆಟ್ಟಿಲಾಗಿ ಕೂತಿದೆ. ಕೆಳಗೆ ನಿಂತು ಹಾಡಿದರೆ ಸುತ್ತ ಜನ. ಅದನ್ನು ಮುಚ್ಚಿ ಗೋದಾಮು ಕಟ್ಟಲು ನಿಗಮ ಹೊರಟಿತ್ತು. ನಾವು ಕುಳಿಯೊಳಗೇ ಕೂತೆವು, ಎಬ್ಬಿಸಿದರು, ಮತ್ತೆ ಕೂತೆವು. ಕೊನೆಗೆ, ಕೇಳುವುದರ ಕಾನೂನು ನೋಡಿಕೊಳ್ಳುವ ಶ್ರವಣ ಮಂಡಳಿ ಒಂದು ಶರತ್ತು ಹಾಕಿತು: ಒಂದು ಸಂಜೆ ಬಹಿರಂಗವಾಗಿ ಕಛೇರಿ ನಡೆಸಿ. ನಮ್ಮ ಅಧಿಕಾರಿ ಮೇಲಿನ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತು ಬರಿಗಿವಿಯಲ್ಲಿ ಕೇಳುತ್ತಾನೆ. ಮೊದಲ ಹಾಡಿನ ಪ್ರತಿ ಪದವೂ ಅಲ್ಲಿಗೆ ಸ್ಪಷ್ಟವಾಗಿ ಮುಟ್ಟಿದರೆ ಕುಳಿ ನಿಮ್ಮದು. ಮುಟ್ಟದಿದ್ದರೆ ಮರುದಿನವೇ ಮಣ್ಣು.

ಮೊನ್ನೆ ಆ ಸಂಜೆ ಬಂತು. ಬಿಸಿಲು ತಗ್ಗುವ ಹೊತ್ತಿಗೆ ಮೆಟ್ಟಿಲುಗಳು ತುಂಬಿದವು. ರೊಟ್ಟಿ ಬುತ್ತಿ, ಶೇಂಗಾ, ತಾತನ ಹೆಗಲ ಮೇಲೆ ಮೊಮ್ಮಗಳು. ಡ್ರಮ್ಮಿನ ತುಂಡುಗಳು ಬಂದವು, ಒರಟು ಫರ್ಸಿಯ ಡ್ರಮ್ಮಿನವ ಮಾಪಣ್ಣ ಜೋಡಿಸಿದ. ಗಿಟಾರು ಬಂತು, ಸ್ಪೀಕರು ಬಂತು. ಮೈಕು ಮತ್ತು ವೈರು ಬರಲಿಲ್ಲ.

ಅವುಗಳನ್ನು ಹೊತ್ತವನು ಶಂಕ್ರೆಪ್ಪ, ಸಂಘ ಕಟ್ಟಿದವರಲ್ಲಿ ಒಬ್ಬ, ಒಮ್ಮೆಯೂ ಸಿಕ್ಕಿಬೀಳದವನು. ಹೊಲದ ಕಡೆಯಿಂದ ಬಂದವನು ಕುಳಿಯ ಬಾಯಲ್ಲಿ ಅಧಿಕಾರಿಯ ಸಮವಸ್ತ್ರ ಕಂಡಿದ್ದಾನೆ. ಅನುಮತಿ ಇರುವ ಕಛೇರಿ, ಅಧಿಕಾರಿ ಬರಲೇಬೇಕಾದ ಕಛೇರಿ. ಆದರೂ ಪಾಠ ಕಲಿತ ಕಾಲು ತಲೆಯ ಮಾತು ಕೇಳಲಿಲ್ಲ. ನಿಲ್ಲದೆ, ತಿರುಗದೆ, ಯಾರದೋ ಎರಡು ಮೇಕೆ ಅಟ್ಟಿಕೊಂಡು ಮುಂದಿನ ಹಳ್ಳಿಯ ದಾರಿ ಹಿಡಿದ. ಮೇಲಿನ ಮೆಟ್ಟಿಲಿನವರು ಅವನನ್ನು ನೋಡಿದರು. ಯಾರೂ ಕೂಗಲಿಲ್ಲ, ಏಕೆಂದರೆ ಕೂಗಬಾರದೆಂಬುದೂ ನಮ್ಮದೇ ನಿಯಮ. ಇಂಥ ಶಿಸ್ತಿಗೆ ಏನನ್ನಬೇಕು? ನಗುವುದೋ, ತಲೆ ಚಚ್ಚಿಕೊಳ್ಳುವುದೋ.

ಅಧಿಕಾರಿಯ ಹೆಸರು ರೇವಪ್ಪ. ಮಣಿ ತೆಗೆಯುವುದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ, ನಾನೇ ತೆಗೆದುಕೊಟ್ಟೆ. ತೆಗೆದೊಡನೆ ಗಾಳಿಯ ಸದ್ದಿಗೆ ಬೆಚ್ಚಿಬಿದ್ದ. ಸೂರ್ಯ ಮುಳುಗುವುದರೊಳಗೆ ಶುರುವಾಗಬೇಕು, ನಿಯಮ ಹಾಗಿದೆ ಎಂದು ಮಾತ್ರ ಹೇಳಿದ. ಕೆಳಗೆ ಖೈರುನ್ನಿಸಾ ಒಮ್ಮೆ ಬಾಯಿ ಬಿಟ್ಟು ನೋಡಿದಳು. ಡ್ರಮ್ಮು ಮೇಲಿನವರೆಗೂ ಗುದ್ದಿತು, ಅವಳ ದನಿ ನಡುವೆಯೇ ಕರಗಿತು. ನಾಳೆ ಇಲ್ಲಿ ಮಣ್ಣು ಸುರಿಯುತ್ತಾರೆ ಅನ್ನುವುದು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ.

ಖೈರುನ್ನಿಸಾ ಮಾಪಣ್ಣನಿಗೆ ಕೈ ತೋರಿಸಿ ನಿಲ್ಲಿಸಿದಳು. ಮೊದಲ ಸಾಲಿನ ಹತ್ತಿರ ಬಂದು ಹೇಳಿದಳಂತೆ:

“ಸಭಾದಾಗ ಮೈಕ್ ಕಸ್ಕೊಂಡಾಗ ಏನ್ ಮಾಡ್ತಿದ್ರಿ? ಅದನ್ನ ಮಾಡ್ರಿ. ನನ್ ಕಡಿ ನೋಡಬ್ಯಾಡ್ರಿ, ಹಿಂದಿನವರ ಕಡಿ ತಿರಗ್ರಿ.”

ಸಾಲುಕೂಗು. ಭಾಷಣಕಾರ ಒಂದು ಮಾತು ಹೇಳಿದರೆ ಮುಂದಿನ ಸಾಲು ಹಿಂದಕ್ಕೆ ತಿರುಗಿ ಅದನ್ನೇ ಹೇಳುತ್ತದೆ, ಆ ಸಾಲು ಅದರ ಹಿಂದಿನದಕ್ಕೆ. ಬೇಡಿಕೆಗಳನ್ನು ಹಾಗೆ ದಾಟಿಸಿದ್ದೆವು, ಹಾಡನ್ನಲ್ಲ. ಅವಳು ಶುರು ಮಾಡಿದಳು:

ಕಲ್ಲ ಸೀಳಿದ ಕೈಗೆ ಕಲ್ಲೇ ಹಾಸಿಗೆ,
ನೀ ಹಾಸಿದ ಮೆತ್ತೆ ನಿನಗೇ ಇರಲಿ.

ಮೊದಲ ಮೆಟ್ಟಿಲು ತಿರುಗಿ ಹಾಡಿತು. ಎರಡನೆಯದು ಎತ್ತಿಕೊಂಡಿತು. ಮಾಪಣ್ಣ ಡ್ರಮ್ಮು ನಿಧಾನಿಸಿ, ಸಾಲು ಮೇಲೆ ಮುಟ್ಟುವವರೆಗೆ ಕಾದು ಮುಂದಿನದಕ್ಕೆ ಗುದ್ದಿದ. ಹೋಗುತ್ತ ಹೋಗುತ್ತ ರಾಗ ಕೆಟ್ಟಿತು. ಐದನೇ ಮೆಟ್ಟಿಲಿನ ಮುದುಕಿಯರು ಅದನ್ನು ಬೀಸುಕಲ್ಲಿನ ಪದ ಮಾಡಿದರು, ಮೇಲಿದ್ದ ಕಾಲೇಜು ಹುಡುಗಿಯರು ಕುಣಿತ ಮಾಡಿದರು. ಪದ ಮಾತ್ರ ಒಂದೂ ಉದುರಲಿಲ್ಲ. ಯಾರೂ ವೇದಿಕೆ ನೋಡುತ್ತಿರಲಿಲ್ಲ, ಎಲ್ಲರ ಬೆನ್ನೂ ಅದಕ್ಕೆ. ಕೊನೆಯ ಸಾಲಿನಲ್ಲಿ ನಾನಿದ್ದೆ. ನನ್ನ ಹಿಂದೆ ಇದ್ದವನು ರೇವಪ್ಪನೊಬ್ಬನೇ. ತಿರುಗಿ, ಅವನ ಮುಖಕ್ಕೆ ಮುಖ ಕೊಟ್ಟು ಹಾಡಿದೆ. ನನ್ನ ದನಿ ಕಾಗೆಗೂ ಬೇಡ. ಆದರೂ ಹಾಡಿದೆ.

ಹಾಡು ಮುಗಿಯಿತು. ಪದ ಮುಟ್ಟಿದವೋ ಇಲ್ಲವೋ ಎಂದು ಅವನನ್ನೇ ಕೇಳಿದೆ. ಮುಟ್ಟಿದವು ಎಂದ. ಪರೀಕ್ಷೆ ಮುಗಿಯಿತಲ್ಲ, ಮಣಿ ಹಾಕಿಕೊಳ್ಳಿ ಎಂದು ಕೈ ಚಾಚಿದೆ. ಅವನು ಮಣಿಯನ್ನು ಜೇಬಿಗಿಟ್ಟ.

“ಇನ್ನೊಂದು ಹಾಡ್ತಾರೇನ್ರಿ?”

ಹಾಡಿದರು. ಮೂರನೇ ಹಾಡಿನ ಹೊತ್ತಿಗೆ ಶಂಕ್ರೆಪ್ಪ ತಪ್ಪು ಅರಿವಾಗಿ, ಮೈಕು ಮತ್ತು ವೈರಿನ ಗಂಟಿನೊಂದಿಗೆ ಬೆವರುತ್ತ ತಿರುಗಿ ಬಂದ, ಮೇಕೆಗಳೂ ಬಂದವು. ಮೇಕೆಗೂ ಹೊರೆಚೀಟಿ ಕೊಡಬೇಕಾ ಮಾವಾ ಎಂದು ಹುಡುಗಿಯರು ಕಾಡಿದರು. ಅವನು ತಲೆ ತಗ್ಗಿಸಿಯೇ ವೈರು ಜೋಡಿಸಿದ. ದನಿ ಕುಳಿ ತುಂಬ ಎದ್ದಿತು, ಗಿಟಾರು ಎದೆಗೂಡಿಗೆ ಗುದ್ದಿತು, ನಾವು ಕಾಲು ನೋಯುವವರೆಗೆ ಕುಣಿದೆವು. ಜೋರು ಸದ್ದು ನಮಗೂ ಇಷ್ಟ. ನಾವು ಹೋರಾಡಿದ್ದು ಅದರ ವಿರುದ್ಧ ಅಲ್ಲ.

ಕುಳಿ ಉಳಿದಿದೆ. ಮಂಡಳಿಯ ಆದೇಶ ಬಂತು, ಒಂದೇ ವರ್ಷಕ್ಕೆ. ರೇವಪ್ಪ ಕೆಟ್ಟವನಲ್ಲ, ಆದರೆ ಒಬ್ಬ ಅಧಿಕಾರಿ ಕರಗಿದರೆ ಕಾನೂನು ಕರಗುವುದಿಲ್ಲ. ಒಂದು ವರ್ಷವೆಂದರೆ ದಯೆ. ನಾವು ಕೇಳಿದ್ದು ಹಕ್ಕು. ಆದರೂ ಸುಳ್ಳು ಹೇಳಲಾರೆ, ನಾನು ಸುಖವಾಗಿದ್ದೇನೆ. ಆ ಸಂಜೆ ಹಾಡಿ ನನ್ನ ದನಿ ಇನ್ನೂ ಒಡೆದೇ ಇದೆ, ಸರಿಯಾಗಲಿ ಅಂತ ಶುಂಠಿ ಕುಡಿಯುತ್ತಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮೂರಿನ ಸಣ್ಣ ತಂಡ ಸಣ್ಣ ಕೋಣೆಯಲ್ಲಿ ನುಡಿಸುವಾಗ ಹೋಗಿ. ಕಿವಿಯಲ್ಲಿರುವುದನ್ನು ತೆಗೆದು ಹೋಗಿ. ಹಾಡು ಕೆಟ್ಟಾಗ ಪಕ್ಕದವರ ಮುಖ ನೋಡಿ. ನಿಮ್ಮ ಕಾಲದಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಓದಿದ್ದೇನೆ. ಅಪ್ಪಣೆ ಬೇಡದ್ದನ್ನು ಜನ ಬೇಗ ಬಿಟ್ಟುಕೊಡುತ್ತಾರೆ, ನಮ್ಮ ಹಿರಿಯರು ಹಾಗೆಯೇ ಬಿಟ್ಟುಕೊಟ್ಟರು.

ವರ್ಷದ ಗಡುವು ಕಿತ್ತುಹಾಕುವ ಬೇಡಿಕೆ ಬರೆಯಲು ಬರಿಗಿವಿ ಸಂಘ ಸೇರುತ್ತಿದೆ. ಮಾರ್ಚ್ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತು ಗಂಟೆ, ಕುಳಿಯ ಮೊದಲ ಮೆಟ್ಟಿಲು.

ಸಾಬಮ್ಮ ಕಟ್ಟಿಮನಿ